ಅತ್ತೆಯ ಕಾವಲಿ

ಅತ್ತೆ ಸಾಯುವ ಮೊದಲು ತನ್ನ ಕಬ್ಬಿಣದ ಕಾವಲಿಯನ್ನು ಓರಗಿತ್ತಿ ರೊಜೆನ್‌ಗೆ ಕೊಟ್ಟಳು. ಹಿರಿಯ ಸೊಸೆ ನಾನು. ಆಗಸ್ಟ್‌ನಲ್ಲಿ ರಜೆಗೆಂದು ಬ್ರಿಟಾನಿಯ ನಮ್ಮ ಕಡಲೂರಿಗೆ ಬರುವ ಪ್ಯಾರಿಸ್‌ನವರೆಲ್ಲ ಸಂತೆಯಲ್ಲಿ ರೊಜೆನ್‌ಳ ಅಂಗಡಿಯ ಮುಂದೆಯೇ ಸಾಲು ನಿಲ್ಲುತ್ತಿದ್ದರು. ಪಕ್ಕದಲ್ಲೇ ನಾನೂ ಅದೇ ಕಪ್ಪುಗೋಧಿ ಹಿಟ್ಟಿನ ದೋಸೆ, ನಮ್ಮ ಗಾಲೆಟ್, ಹೊಯ್ಯುತ್ತಿದ್ದೆ. ನನ್ನ ಹತ್ತಿರ ಬರುತ್ತಿದ್ದುದು ಕಕ್ಕಸು ಎಲ್ಲಿದೆ ಎಂದು ಕೇಳಲು.

ಎಲ್ಲ ಆ ಕಾವಲಿಯ ಮಹಿಮೆ ಎಂದುಕೊಂಡೆ. ನಮ್ಮಲ್ಲಿ ಕಾವಲಿಗೆ ನೀರು ಸೋಕಿಸುವುದಿಲ್ಲ. ಹಂದಿಕೊಬ್ಬು ಸವರಿದ ಬಟ್ಟೆಯಿಂದ ಒರೆಸುತ್ತೇವೆ, ಅಷ್ಟೆ. ಶನಿವಾರ ಬೆಳಿಗ್ಗೆ ರೊಜೆನ್ ಮೊಟ್ಟೆ ತರಲು ಹೋದಾಗ ಅವಳ ಕಾವಲಿಯನ್ನು ಸೋಪು ಹಾಕಿ ತಿಕ್ಕಿ, ಗುರುತು ಸಿಗದಿರಲೆಂದು ಮೇಲೆ ಒಂದಿಷ್ಟು ಕೊಬ್ಬು ಸವರಿಟ್ಟೆ.

ಅವಳ ಮೊದಲ ಗಾಲೆಟ್ ಅಂಟಿಕೊಂಡು ಹರಿಯಿತು. ಐದನೆಯದೂ ಹರಿಯಿತು. ಸಾಲು ನನ್ನ ಕಡೆ ಸರಿಯಿತು. ಒಬ್ಬ ಹೆಂಗಸು ನನ್ನದನ್ನು ತಿಂದು, "ಆಯಮ್ಮಂದು ಸರಿಹೋಗೋಕೆ ಎಷ್ಟೊತ್ತಾಗತ್ತೆ?" ಎಂದಳು.

ರೊಜೆನ್ ಹಿಟ್ಟಿನ ಪಾತ್ರೆ ಎತ್ತಿಕೊಂಡು ಬಂದಳು. "ಅಕ್ಕಾ, ನಿನ್ ಕಾವಲೀಲಿ ಒಂದು ಹೊಯ್ಕೊಳ್ಳಲಾ?"

"ನಂದು ದರಿದ್ರ ಕಾವಲಿ ಕಣೇ, ಅತ್ತೇದಲ್ಲ."

"ದರಿದ್ರ ಆದ್ರೂ ಸೋಪಿನ ವಾಸ್ನೆ ಇಲ್ವಲ್ಲ," ಎಂದು ನಕ್ಕಳು.

ಜನರೆದುರು ಬೇಡ ಎನ್ನಲಾಗಲಿಲ್ಲ. ಅವಳು ಹೊಯ್ದದ್ದು ತೆಳ್ಳಗೆ, ಅಂಚು ಗರಿಗರಿಯಾಗಿ ಎದ್ದುಬಂತು. ಅದೇ ಹೆಂಗಸು ಕಚ್ಚಿ ಕಣ್ಣು ಮುಚ್ಚಿದಳು. "ಹೋದ ವಾರಕ್ಕಿಂತ ಚೆನ್ನಾಗಿದೆ ಕಣ್ರೀ!"

ನನ್ನ ಅಂಗಡಿಯ ಮುಂದೆ ಅಷ್ಟುದ್ದ ಸಾಲು ಎಂದೂ ಇರಲಿಲ್ಲ. ನಾನು ಪಕ್ಕಕ್ಕೆ ನಿಂತು ಬಟ್ಟಲುಗಳಿಗೆ ಸೇಬಿನ ಸೈಡರ್ ಸುರಿಯುತ್ತಿದ್ದೆ.

"ಅಕ್ಕಾ, ಸ್ವಲ್ಪ ಕಾವಲಿ ಒರೆಸು," ಎಂದಳು ರೊಜೆನ್.

ಒರೆಸಿದೆ.