ಕೂಸಿನ ಮರಿ

ಗ್ಯಾರೇಜಿನ ಜಯಕುಮಾರ್ ಜಜ್ಜಿಹೋದ ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡು ಹೇಳಿದ ಮಾತು, ಬಸ್ಸು ಚಿತ್ರದುರ್ಗ ಬಿಟ್ಟು ಹಿರಿಯೂರು ಮುಟ್ಟಿದರೂ ರಂಗೇಶನ ಕಿವಿ ಬಿಟ್ಟಿರಲಿಲ್ಲ.

"ಬಿಳಿ ಬೋರ್ಡಿನ ಸ್ವಂತ ಗಾಡಿ ಬಾಡಿಗೆಗೆ ಹೋಗಿತ್ತು ಅಂತ ಬರೆದ್ರೋ, ಇನ್ಶೂರೆನ್ಸ್‌ನೋರು ಕೈ ಎತ್ತಿಬಿಡ್ತಾರೆ ಮೇಷ್ಟ್ರೇ. ಆಮೇಲೆ ಇದು ಗುಜರಿಗೇ."

"ಬಾಡಿಗೆ ಯಾವನಪ್ಪ ತಗಂಡೋನು?"

"ನೀವು ತಗಂಡಿಲ್ಲ. ಕೂತಿದ್ದ ಯಜಮಾನ್ರು ವಿಚಾರಣೆಗೆ ಬಂದೋರ ಹತ್ರ ಕೊಟ್ಟೀನಿ ಅಂದವ್ರೆ ಅಲ್ವ."

ಆ ಯಜಮಾನರು ಜವನಗೊಂಡನಹಳ್ಳಿ ಕಡೆಯ ಹಟ್ಟಿಯ ಯತ್ತಪ್ಪ. ರಂಗೇಶ ಹುಟ್ಟಿದ್ದೂ ಅದೇ ಹಟ್ಟಿಯಲ್ಲಿ. ಮೇಷ್ಟ್ರಾಗಿ ಹಿರಿಯೂರಿನಲ್ಲಿ ಮನೆ ಮಾಡಿ, ಕಾರು ಕೊಂಡ ಮೇಲೆ ಹಟ್ಟಿಯ ಬಾಣಂತಿಯರೆಲ್ಲ ಆಸ್ಪತ್ರೆಯಿಂದ ಅದರಲ್ಲೇ ಮನೆ ಸೇರುತ್ತಿದ್ದರು. ಯತ್ತಪ್ಪನ ಮಗಳು ರಂಜಿತಾಳನ್ನು ಕರೆದೊಯ್ಯುವಾಗ ಮುಂದಿನ ಲಾರಿ ಗಕ್ಕನೆ ನಿಂತಿತು. ರಂಗೇಶ ಎಡಕ್ಕೆ ಎಳೆದ. ಕಾರು ಮೋರಿಯ ಕಟ್ಟೆಗೆ ಗುದ್ದಿತು. ಯಾರಿಗೂ ಒಂದು ಗೀರೂ ಆಗಲಿಲ್ಲ. ಕೂಸಿಗೆ ಎಚ್ಚರವೂ ಆಗಿರಲಿಲ್ಲ. ಜಜ್ಜಿದ ಕಾರನ್ನೇ ತೆವಳಿಸಿಕೊಂಡು ಅವರನ್ನು ಹಟ್ಟಿ ಮುಟ್ಟಿಸಿದ.

ವಾರ ಕಳೆಯುವುದರೊಳಗೆ ಯತ್ತಪ್ಪ ಹೆಗಲ ಮೇಲೆ ಕುರಿಮರಿ ಹೊತ್ತು ಬಂದಿದ್ದ. ಹಣೆಗೆ ಅರಿಶಿನ ಹಚ್ಚಿದ ಹೆಣ್ಣುಮರಿ. ತಾಯಿ ಮಗುವನ್ನು ಸುಖವಾಗಿ ಮನೆ ಮುಟ್ಟಿಸಿದವರಿಗೆ ಕೂಸಿನ ಹೆಸರಿನಲ್ಲಿ ಒಂದು ಮರಿ ಕೊಡುವುದು ಹಟ್ಟಿಯಲ್ಲಿ ನಡೆದುಬಂದದ್ದು. ಬೇಡ ಅನ್ನುವ ಮಾತು ಅಲ್ಲಿಲ್ಲ.

ಆಮೇಲೆ ಇನ್ಶೂರೆನ್ಸ್ ಕಂಪನಿಯ ಪರವಾಗಿ ವಿಚಾರಣೆಗೆಂದು ಗುರುರಾಜ್ ಹಟ್ಟಿಗೆ ಹೋದ. ಯಾರು ಓಡಿಸುತ್ತಿದ್ದರು, ಎಷ್ಟು ಜನ ಕೂತಿದ್ದಿರಿ ಎಂದೆಲ್ಲ ಕೇಳಿ ಕೊನೆಗೆ, "ಪುಕ್ಕಟೆ ಕೂತ್ಕಂಡು ಬಂದ್ರಾ ಯಜಮಾನ್ರೇ?" ಅಂದಿದ್ದ. ಆ ಮಾತು ಯತ್ತಪ್ಪನಿಗೆ ಚುಚ್ಚಿತು.

"ನಮ್ಮ ಮನೆತನದಾಗೆ ಯಾರೂ ಪುಕ್ಕಟೆ ಗಾಡಿ ಹತ್ತಿದೋರಲ್ಲ. ಮರಿ ಕೊಟ್ಟೀನಿ. ಬೇಕಾದ್ರೆ ಹೋಗಿ ನೋಡ್ಕಳ್ರಿ."

ಗುರುರಾಜ್ ಬರೆದುಕೊಂಡ. ನಾಳೆ ಅವನು ರಂಗೇಶನ ಮನೆಗೇ ಬರುವವನಿದ್ದ.

ರಂಗೇಶ ಬಸ್ಸಿಳಿದು ಮನೆಗೆ ಬಂದಾಗ ಹೆಂಡತಿ ಯಶೋದಾ ಮರಿಗೆ ಅಗಸೆಸೊಪ್ಪು ತಿನ್ನಿಸುತ್ತಿದ್ದಳು.

"ಇದನ್ನ ವಾಪಸ್ ಬಿಟ್ಟು ಬರ್ತೀನಿ."

"ಕೂಸಿನ ಮರಿ ಕಣ್ರಿ ಅದು."

"ನಾಳೆ ಆ ಮನುಷ್ಯ ಬಂದು ಕುಂತಾಗ ಇದು ಅರಚಿದ್ರೆ?"

"ಹಟ್ಟೀಲಿ ಬಿಟ್ರೆ ಅರಚಲ್ವ? ನಿಮಗೆ ಕೇಳ್ಸಲ್ಲ, ಅಷ್ಟೇಯ."

ರಂಗೇಶ ಹಗ್ಗ ಬಿಚ್ಚಿದ. ಮರಿಯನ್ನು ಕತ್ತು ಹೊರಗೆ ಮಾಡಿ ಗೋಣಿಚೀಲಕ್ಕೆ ಇಳಿಸಿ, ಬೈಕಿನಲ್ಲಿ ಮುಂದೆ ಇಟ್ಟುಕೊಂಡು ಹೊರಟ.

ಹಟ್ಟಿ ಮುಟ್ಟುವಾಗ ಹೊತ್ತು ಇಳಿಯುತ್ತಿತ್ತು. ಯತ್ತಪ್ಪ ಕುರಿ ಕೂಡುವ ರೊಪ್ಪದ ಬಾಗಿಲಲ್ಲಿ ಕೂತು ಸಂಜೆಯ ದೇವರ ಪದ ಹೇಳಿಕೊಳ್ಳುತ್ತಿದ್ದ. ಚಿಕ್ಕಂದಿನಲ್ಲಿ ರಂಗೇಶ ಅವನ ಪಕ್ಕದಲ್ಲೇ ಕೂತು ಕೇಳಿದ ಪದ. ಚೀಲ ಕಂಡು ಯತ್ತಪ್ಪ ನಡುವೆಯೇ ನಿಲ್ಲಿಸಿದ.

"ಬರ್ರಿ ಮೇಷ್ಟ್ರೇ, ಕುಂತ್ಕಳ್ರಿ. ಮರಿ ಮೇಯಲ್ವ?"

ರಂಗೇಶ ಕೂತ. ಗ್ಯಾರೇಜಿನ ಮಾತು, ಗುಜರಿಯ ಮಾತು ಎಲ್ಲ ಹೇಳಿ, ಕೊನೆಗೆ, "ಮಾವ, ಅವರು ಮತ್ತೆ ಕೇಳಿದ್ರೆ ಮರಿ ಕೊಟ್ಟಿಲ್ಲ ಅಂದ್ಬಿಡು. ಸುಳ್ಳೇನಲ್ಲ, ಮರಿ ಇಲ್ಲೇ ಇರ್ತೈತಲ್ಲ" ಅಂದ.

ಯತ್ತಪ್ಪ ಬಹಳ ಹೊತ್ತು ಮರಿಯ ಹಣೆಯನ್ನೇ ನೋಡಿದ. ಅರಿಶಿನ ಇನ್ನೂ ಪೂರ್ತಿ ಮಾಸಿರಲಿಲ್ಲ. ಆಮೇಲೆ ಗುಡಿಸಲ ಕಡೆ ತಿರುಗಿ ಕೂಗಿದ.

"ರಂಜೀ, ಹಿರಿಯೂರಿಂದ ಇಲ್ಲಿಗೆ ಬಾಡಿಗೆ ಗಾಡಿಯೋರು ಏನು ಕೇಳ್ತಾರವ್ವ?"

ರಂಜಿತಾ ಕೂಸನ್ನೆತ್ತಿಕೊಂಡು ಬಾಗಿಲಿಗೆ ಬಂದಳು. ರಂಗೇಶನ ಮುಖ ನೋಡಿ ಅಲ್ಲೇ ನಿಂತಳು. ಯತ್ತಪ್ಪ ಸೊಂಟದ ಸಂಚಿಯ ದಾರ ಸಡಿಲಿಸುತ್ತಿದ್ದ.

"ಕೂಸಿನ ಮರಿ ವಾಪಸ್ ಬರಂಗಿಲ್ಲ ಮೇಷ್ಟ್ರೇ. ಬಂತು ಅಂದ್ರೆ, ಅವತ್ತು ನೀವು ನಮ್ಮನ್ನ ಕರ್ಕಂಬಂದಿದ್ದು ಬಾಡಿಗೇನೆ. ಹಂಗಾರೆ ಬಾಡಿಗೇನೇ ತಗಳ್ರಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ರಂಗೇಶ ತಡೆದುಕೊಳ್ಳುತ್ತಿದ್ದ.

ಅಷ್ಟರಲ್ಲಿ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಗುರುರಾಜ್.

"ನಾಳೆ ಬೆಳಿಗ್ಗೆ ಬರ್ತೀನಿ ಮೇಷ್ಟ್ರೇ. ಒಂದೇ ಪ್ರಶ್ನೆ ಉಳಿದಿರೋದು. ಆ ದಿನ ಕರ್ಕೊಂಡು ಹೋಗಿದ್ದಕ್ಕೆ ಏನಾದ್ರೂ ತಗೊಂಡ್ರಾ?"

ಯತ್ತಪ್ಪನ ಕೈ ಸಂಚಿಯಲ್ಲೇ ಇತ್ತು. ರೊಪ್ಪದೊಳಗೆ ತಾಯಿಕುರಿ ವಾಸನೆ ಹಿಡಿದು ಒಂದೇ ಸಮನೆ ಕೂಗುತ್ತಿತ್ತು.

"ಬಾಡಿಗೆ ತಗಂಡಿಲ್ಲ ಸರ್," ಅಂದ ರಂಗೇಶ. "ಕೂಸಿನ ಹೆಸರಾಗೆ ಒಂದು ಮರಿ ತಗಂಡೀನಿ. ನಾಳೆ ನಮ್ಮನೇಲೇ ಇರ್ತೈತೆ. ಬಂದು ನೋಡ್ರಿ."

ಆ ಕಡೆ ಕಾಗದ ಮಗುಚಿದ ಸದ್ದು.

"ನಿಮ್ಮ ಪದ್ಧತಿ ನನಗೆ ಅರ್ಥ ಆಗ್ತದೆ. ನಾನು ಇದ್ದದ್ದು ಇದ್ದಂಗೆ ಬರೀಬಹುದು. ಮೇಲಿನೋರು ಅದನ್ನ ಬಾಡಿಗೆ ಅಂತಲೇ ಓದ್ಕೊಂಡ್ರೆ?"

"ಇದ್ದಂಗೇ ಬರೀರಿ."

ಫೋನು ಜೇಬಿಗೆ ಹೋಯಿತು. ಯತ್ತಪ್ಪ ಸಂಚಿಯ ದಾರ ಬಿಗಿದು, ಗೋಣಿಚೀಲದ ಬಾಯಿ ಅಗಲಿಸಿ ಹಿಡಿದ.

"ತಲೆ ಹೊರಗಿಡ್ರಿ. ಗಾಳಿ ಬೇಕು ಅದಕ್ಕೆ."

ಹೆದ್ದಾರಿಯ ಮೋರಿ ದಾಟುವಾಗ ರಂಗೇಶ ಬೈಕು ನಿಧಾನ ಮಾಡಿದ. ಕಟ್ಟೆಯ ಮೇಲೆ ಕಾರಿನ ಬಿಳಿ ಬಣ್ಣ ಇನ್ನೂ ಅಂಟಿತ್ತು. ಹೊಟ್ಟೆಗೆ ಒರಗಿದ ಮರಿಯ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಅವನದೂ.