ಎರಡು ಸುತ್ತು ಹೆಚ್ಚು

ವಿಶ್ವವಿದ್ಯಾಲಯದ ಹಳೆಯ ಕ್ರೀಡಾ ಭವನದ ಗೋಡೆಯಿಂದ ಆ ಹಲಗೆಯನ್ನು ಇಳಿಸಲು ನಾಲ್ಕು ಜನ ಬೇಕಾಯಿತು. ಎಪ್ಪತ್ತು ವರ್ಷದ ಗೆದ್ದ ತಂಡಗಳ ಹೆಸರೆಲ್ಲ ಅದರ ಮೇಲೆ ಚಿನ್ನದ ಬಣ್ಣದಲ್ಲಿದ್ದವು. ನೆಲಕ್ಕೆ ತಾಗಿಸಿದ ಕೂಡಲೇ ಪೇಂಟರು ಸೊಂಟ ಹಿಡಿದುಕೊಂಡ.

"ಅಬ್ಬಬ್ಬಾ! ಮೇಷ್ಟ್ರೇ, ಇದರ ಮೇಲೆ ಹೆಸರು ಬರೆದಿದ್ದಾರಾ, ಇಲ್ಲ ಆಟಗಾರರನ್ನೇ ಒಳಗೆ ಕೂರಿಸಿ ಮೊಳೆ ಹೊಡೆದಿದ್ದಾರಾ?"

ಮೇಷ್ಟ್ರು ನಕ್ಕರು. ಅವರು ಮೇಷ್ಟ್ರೇನೂ ಅಲ್ಲ, ಕ್ರೀಡಾ ವಿಭಾಗದ ದಾಖಲೆ ಗುಮಾಸ್ತ. ಮೂವತ್ಮೂರು ವರ್ಷ ಅದೇ ಕುರ್ಚಿ, ಅದೇ ಕಬ್ಬಿಣದ ಬೀರು. ಯಾವ ವರ್ಷ ಹುಡುಗಿಯರ ವಾಲಿಬಾಲ್ ತಂಡ ಸತತ ಮೂರನೇ ಸಲ ಕಪ್ ತಂದಿತು, ಯಾವ ಈಜುಗಾರ ಕನ್ನಡಕ ಇಲ್ಲದೆ ಗೋಡೆ ಕಾಣದೆ ತಲೆ ಹೊಡೆದುಕೊಂಡೂ ಮೊದಲನೆಯವನಾಗಿ ಬಂದ, ಕುಸ್ತಿ ತಂಡ ಯಾವ ಸಲ ರೈಲು ತಪ್ಪಿಸಿಕೊಂಡು ಆಡದೆಯೇ ಸೋತಿತು, ಎಲ್ಲ ಅವರ ನಾಲಿಗೆಯ ತುದಿಯಲ್ಲಿತ್ತು. ನಡುರಸ್ತೆಯಲ್ಲಿ ನಿಲ್ಲಿಸಿ ಕೇಳಿದರೂ ನಿಂತಲ್ಲೇ ಹೇಳುತ್ತಿದ್ದರು, ಕೇಳಿದವರಿಗೆ ಕಾಲು ನೋಯುವಷ್ಟು ಹೊತ್ತು. ವಿಶ್ವವಿದ್ಯಾಲಯಕ್ಕೆ ನೂರು ತುಂಬಿದ್ದಕ್ಕೆ ತಂಡಗಳ ಚರಿತ್ರೆ ಅಚ್ಚಾಗುತ್ತಿತ್ತು. ಬರೆದವರು ಇವರೇ. ಹೊಸ ಭವನಕ್ಕೆ ಹೊಸ ಹಲಗೆಯೂ ಬಂದಿತ್ತು. ಇವರು ಸಹಿ ಹಾಕಿದ ಪಟ್ಟಿಯಲ್ಲಿ ಇರುವ ಹೆಸರನ್ನು ಪೇಂಟರು ಬರೆಯುವುದು, ಇಲ್ಲದ್ದನ್ನು ಬಿಡುವುದು. ಅಷ್ಟೇ ಒಪ್ಪಂದ.

ಆ ಪಟ್ಟಿಗೊಂದು ನಿಯಮವಿತ್ತು. ಬಹಳ ಹಿಂದೆ ಫುಟ್‌ಬಾಲ್ ಕೋಚ್ ಒಬ್ಬರು ಹಾಕಿದ್ದು. "ಫೈನಲ್ ದಿನ ಯಾರ ಬೂಟಿಗೆ ಮೈದಾನದ ಮಣ್ಣು ಅಂಟಿತೋ ಅವರ ಹೆಸರು ಮಾತ್ರ. ಮಿಕ್ಕವರಿಗೆ ಗ್ರೂಪ್ ಫೋಟೋ." ಅದಕ್ಕೂ ಮೊದಲು ಹತ್ತು ಪಂದ್ಯ ಗೆಲ್ಲಿಸಿದ್ದರೂ ಸರಿಯೇ, ಫೈನಲ್‌ನಲ್ಲಿ ಹೊರಗೆ ಕೂತವನಿಗೆ ಚಿನ್ನದ ಅಕ್ಷರವಿಲ್ಲ. ಇದು ಅನ್ಯಾಯ, ತಂಡದ ಎಲ್ಲರ ಹೆಸರೂ ಇರಲಿ ಎಂದು ಎರಡು ಸಲ ಸಭೆಯಲ್ಲಿ ಮಾತು ಬಂದಿತ್ತು. ಎರಡು ಸಲವೂ ಎದ್ದು ನಿಂತು ಬೇಡ ಎಂದವರು ಮೇಷ್ಟ್ರೇ. "ನಿಯಮ ಒಂದು ಸಲ ಸಡಿಲ ಆದ್ರೆ ಮುಗೀತು ಸಾರ್, ಆಮೇಲೆ ನೀರು ತಂದವನೂ ಕೇಳ್ತಾನೆ" ಎಂದಿದ್ದರು. ಸಭೆಯ ನಡಾವಳಿಯಲ್ಲಿ ಅದು ಅವರದೇ ಅಕ್ಷರದಲ್ಲಿದೆ.

ಅವತ್ತು ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಒಬ್ಬಳು ಹೆಂಗಸು ಒಳಗೆ ಬಂದಳು. ಮೂವತ್ತು ದಾಟಿರಬಹುದು. ಹೆಗಲಿಗೆ ದೊಡ್ಡ ಚೀಲ. ನೇರ ಹಲಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಹೆಸರಿನ ಮೇಲೆ ಬೆರಳಾಡಿಸತೊಡಗಿದಳು.

"ಯಾರನ್ನಮ್ಮಾ ಹುಡುಕ್ತಿದ್ದೀಯ?"

"ನಮ್ಮಪ್ಪನ್ನ, ಸಾರ್. ಫುಟ್‌ಬಾಲ್. ಇಲ್ಲಿಯವರು ಒಂದೇ ಒಂದು ಸಲ ಗೆದ್ದಿದ್ದಂತಲ್ಲ, ಆ ವರ್ಷ. ಗೋಲ್‌ಕೀಪರ್ ಆಗಿದ್ರು. ಇಲ್ಲಿ ಬೇರೆ ಯಾರದೋ ಹೆಸರಿದೆ."

ಆ ಬೇರೆ ಯಾರದೋ ಹೆಸರು ಮೇಷ್ಟ್ರದೇ.

"ಅಪ್ಪ ಹೋಗಿ ನಾಲ್ಕು ತಿಂಗಳಾಯ್ತು," ಎಂದಳು ಅವಳು, ಕಣ್ಣು ಹಲಗೆಯಿಂದ ತೆಗೆಯದೆ. "ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ರು. ನಮ್ಮ ಸೋದರಮಾವ ಸುಮ್ಮನಿರಲ್ಲ ನೋಡಿ, 'ನಿಮ್ಮಪ್ಪ ಗೋಲು ಕಾಯ್ತಿದ್ನೋ, ಗೇಟು ಕಾಯ್ತಿದ್ನೋ ಯಾರು ಕಂಡಿದ್ದಾರೆ' ಅಂದುಬಿಟ್ಟ. ಎಲ್ಲರೂ ನಕ್ಕರು. ನಾನೂ ನಕ್ಕೆ ಸಾರ್, ಅದೇ ಬೇಜಾರು. ಹಲಗೆ ಬದಲಾಯಿಸ್ತಾರೆ ಅಂತ ಪೇಪರಲ್ಲಿ ನೋಡಿದೆ. ಅದಕ್ಕೆ ಮೊದಲು ಒಂದು ಸಲ ಕಣ್ಣಾರೆ ನೋಡಿಬಿಡೋಣ ಅಂತ ಬಂದೆ. ಅವರನ್ನ ಎಲ್ಲರೂ ಗೋಂದು ಅಂತಿದ್ರಂತೆ. ಚೆಂಡು ಕೈಗೆ ಅಂಟ್ಕೊಳ್ಳುತ್ತೆ ಅಂತ."

ಗೋಂದು! ಮೂವತ್ಮೂರು ವರ್ಷವಾಗಿತ್ತು ಆ ಹೆಸರು ಕಿವಿಗೆ ಬಿದ್ದು.

ಆಗಿನ ಮೇಷ್ಟ್ರನ್ನು 'ಅವರು' ಎಂದರೆ ಅವರಿಗೇ ನಗು ಬಂದೀತು, 'ಅವನು' ಎನ್ನೋಣ. ಅವನು ತಂಡದ ಎರಡನೇ ಗೋಲ್‌ಕೀಪರ್. ಎರಡು ವರ್ಷದಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಗೆಳೆಯರು ಅವನಿಗೆ 'ಬೆಂಚು' ಎಂದು ಹೆಸರಿಟ್ಟಿದ್ದರು. "ಏ ಬೆಂಚು, ಸ್ವಲ್ಪ ಸರ್ಕೋ, ನಿನ್ನ ಮೇಲೆ ಕೂತ್ಕೋಬೇಕು" ಎನ್ನುತ್ತಿದ್ದರು. ಅವನಿಗಿದ್ದುದು ಒಂದೇ ಕೆಲಸ, ಪಂದ್ಯಕ್ಕೆ ಮೊದಲು ಗೋಂದುವಿನ ಬೆರಳಿಗೆ ಟೇಪು ಸುತ್ತುವುದು. ಗೋಂದುವಿನ ಬಲಗೈ ನಡುಬೆರಳು ಹಿಂದೊಮ್ಮೆ ಉಳುಕಿತ್ತು. ಅದನ್ನು ಪಕ್ಕದ ಬೆರಳಿಗೆ ಜೋಡಿಸಿ, ನಡುವೆ ಹತ್ತಿಯ ಎಳೆ ಇಟ್ಟು, ಗೆಣ್ಣಿನ ಕೆಳಗೆ ಮೂರು ಸುತ್ತು, ಮೇಲೆ ಮೂರು ಸುತ್ತು. ಆಮೇಲೆ ಉಗುರನ್ನು ಒತ್ತಿ ಬಿಡುವುದು. ಬಿಳಿಚಿದ ಉಗುರಿಗೆ ಕೆಂಪು ತಕ್ಷಣ ವಾಪಸ್ಸು ಬಂದರೆ ಕಟ್ಟು ಸರಿಯಾಯಿತು.

"ನಿನ್ನ ಕೈಗೆ ನನ್ನ ಕೈ ಒಪ್ಪಿಸಿಬಿಟ್ಟಿದ್ದೀನಿ ಕಣೋ ಬೆಂಚು," ಎನ್ನುತ್ತಿದ್ದ ಗೋಂದು. ಆ ವರ್ಷ ಆರು ಪಂದ್ಯ ಆಡಿ ಒಂದೂ ಗೋಲು ಬಿಟ್ಟಿರಲಿಲ್ಲ.

"ಸಾರ್?" ಎಂದಳು ಅವಳು. "ನಿಮಗೆ ಅವರು ಗೊತ್ತಿತ್ತಾ?"

"ಗೊತ್ತಿತ್ತಮ್ಮಾ." ಮೇಷ್ಟ್ರು ಕುರ್ಚಿ ಎಳೆದು ಕೂತರು. "ನಿಮ್ಮಪ್ಪ ಸುಳ್ಳು ಹೇಳಿಲ್ಲ. ಆರು ಪಂದ್ಯ ಆಡಿದ. ಫೈನಲ್ ದಿನ ಬೆರಳು ನೋವು. ಆಡೋಕಾಗಲಿಲ್ಲ. ಫೈನಲ್ ಆಡಿದವರ ಹೆಸರಷ್ಟೇ ಬರೆಯೋದು, ಹಾಗೊಂದು ನಿಯಮ ಇದೆ."

ಅವಳ ಮುಖ ಅರಳಿತು. "ಅಷ್ಟೇನಾ? ಸದ್ಯ! ಬೆರಳು ಕೈಕೊಡ್ತು ಅನ್ನಿ." ತನ್ನ ಮಾತಿಗೆ ತಾನೇ ನಕ್ಕು ಕಣ್ಣೊರೆಸಿಕೊಂಡಳು. ಆಮೇಲೆ ಮೇಷ್ಟ್ರ ಮುಖವನ್ನೇ ನೋಡಿದಳು. "ತಡೀರಿ... ಬೆಂಚ್ ಮಾಮ ಇಲ್ಲೇ ಕೆಲಸಕ್ಕೆ ಸೇರಿದ್ರು ಅಂತ ಅಪ್ಪ ಹೇಳೋರು, ನೀವೇನಾ?"

ಅವರು ತಲೆಯಾಡಿಸಿದರು.

"ಅಯ್ಯೋ ಮಾಮ! ನಿಮ್ಮ ಸುದ್ದಿ ಹೇಳದ ದಿನ ಇರಲಿಲ್ಲ. ನಾನು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟು. ದಿನಾ ನಾಲ್ಕು ಜನಕ್ಕೆ ಬೆರಳು ಕಟ್ಟೋದು ಇದ್ದೇ ಇರುತ್ತೆ. ನನಗೆ ಕಲಿಸಿದ್ದೇ ಅಪ್ಪ. ಹತ್ತಿ ಇಡು, ಮೂರು ಸುತ್ತು ಹಾಕು, ಉಗುರು ಒತ್ತಿ ನೋಡು. 'ಇದು ನಿನ್ನ ಬೆಂಚ್ ಮಾಮನ ಕಟ್ಟು, ಯಾವ ಡಾಕ್ಟರಿಗೂ ಬರಲ್ಲ' ಅನ್ನೋರು."

ಡಿಪೋ ಇದ್ದದ್ದು ಇಲ್ಲಿಂದ ನಾಲ್ಕು ರಸ್ತೆ ಆಚೆ. ಆ ರಸ್ತೆಯಲ್ಲಿ ಬಸ್ಸು ಹತ್ತಬಾರದೆಂದು ಇಷ್ಟು ವರ್ಷವೂ ಮೇಷ್ಟ್ರು ಹತ್ತು ನಿಮಿಷ ಹೆಚ್ಚು ನಡೆದಿದ್ದರು. ಒಮ್ಮೆ ಮಾತ್ರ ಆ ಕಡೆ ಹೋಗಬೇಕಾಗಿ ಬಂದಾಗ ಗೋಂದು ಡಿಪೋ ಗೇಟಿನಲ್ಲಿ ನಿಂತು ಗ್ರೀಸು ಮೆತ್ತಿದ ಕೈ ಎತ್ತಿ ಬೀಸಿದ್ದ. ಇವರು ಕೈಗಡಿಯಾರ ನೋಡಿಕೊಂಡು ಬೇಗ ಬೇಗ ಹೆಜ್ಜೆ ಹಾಕಿದ್ದರು.

"ಹಲಗೆ ಮೇಲೆ ಬೇಡ ಮಾಮ, ನಿಯಮ ನಿಯಮಾನೇ," ಎಂದಳು ಅವಳು. "ಪುಸ್ತಕ ಬರ್ತಿದೆಯಂತಲ್ಲ, ಅದರಲ್ಲಿ ಒಂದು ಸಾಲು ಹಾಕ್ತೀರಾ? 'ಬೆರಳು ನೋವಿದ್ದುದರಿಂದ ಫೈನಲ್ ಆಡಲಿಲ್ಲ' ಅಂತ. ಸೋದರಮಾವನ ಮೂಗಿಗೆ ಹಿಡಿದುಬಿಡ್ತೀನಿ."

ಅಚ್ಚಿಗೆ ಹೋಗಬೇಕಿದ್ದ ಹಾಳೆಗಳು ಮೇಜಿನ ಮೇಲೇ ಇದ್ದವು. ಆ ವರ್ಷದ ಪುಟ ತೆಗೆದು ಮೇಷ್ಟ್ರು ಪೆನ್ನು ಹಿಡಿದರು. 'ಬೆರಳು' ಎಂದು ಬರೆದರು. ಮುಂದಿನ ಪದಕ್ಕೆ ಪೆನ್ನು ಏಳಲಿಲ್ಲ. ಮೂವತ್ಮೂರು ವರ್ಷ ಬಾಯಿ ಮುಚ್ಚಿಕೊಂಡಿದ್ದವರೇ. ಆದರೆ ಬಾಯಿ ಮುಚ್ಚಿಕೊಂಡಿರುವುದು ಬೇರೆ, ಕೈಯಾರೆ ಸುಳ್ಳು ಬರೆದು ಅಚ್ಚಿಗೆ ಕೊಡುವುದು ಬೇರೆ. ಅದೂ ಅವನ ಮಗಳ ಎದುರಿಗೆ.

"ನೋವಿಂದ ಅಲ್ಲ ತಾಯಿ," ಎಂದರು. "ನನ್ನಿಂದ."

ಅವಳಿಗೆ ಅರ್ಥವಾಗಲಿಲ್ಲ. ಅವರು ಹೇಳಿದರು. ಫೈನಲ್ ದಿನ ಗೋಂದುವಿನ ಬೆರಳು ಸ್ವಲ್ಪ ಊದಿತ್ತು, ಆಡಲಾಗದಷ್ಟಲ್ಲ. ಕೋಚ್ ಬಂದು, "ಕಟ್ಟು, ಆಮೇಲೆ ಮೂರು ಚೆಂಡು ಎಸೆದು ನೋಡ್ತೀನಿ. ಹಿಡಿದರೆ ಇವನು, ಬಿಟ್ಟರೆ ನೀನು" ಎಂದು ಹೇಳಿ ಹೋದರು. ಗೆದ್ದ ತಂಡದವರಿಗೆ ವಿಶ್ವವಿದ್ಯಾಲಯದಲ್ಲೇ ಕೆಲಸ ಎಂಬ ಮಾತು ಆಗಲೇ ಹಬ್ಬಿತ್ತು. ಹಲಗೆಯಲ್ಲಿ ಹೆಸರಿದ್ದವರಿಗೆ.

"ಹತ್ತಿ ಇಡಲಿಲ್ಲ. ಗೆಣ್ಣಿನ ಮೇಲೆ ಎರಡು ಸುತ್ತು ಹೆಚ್ಚು ಹಾಕಿದೆ. ಉಗುರು ಒತ್ತಿ ನೋಡಲಿಲ್ಲ. ಅಷ್ಟೇ ಕಣಮ್ಮಾ ನಾನು ಮಾಡಿದ್ದು."

ಮೂರು ಚೆಂಡಿನಲ್ಲಿ ಎರಡು ಜಾರಿದವು. ಗೋಂದುವಿನ ಹಸಿರು ಜೆರ್ಸಿ ಬೆಂಚುವಿಗೆ ಬಂತು. ಫೈನಲ್‌ನಲ್ಲಿ ಬೆಂಚುವಿನ ಕಡೆಗೆ ಚೆಂಡು ಬಂದದ್ದೇ ಎರಡು ಸಲ. ಒಂದು ಹೊರಗೆ ಹೋಯಿತು, ಇನ್ನೊಂದು ತಾನಾಗಿ ಉರುಳಿಕೊಂಡು ಬಂದು ಕೈಸೇರಿತು. ಒಂದು ಗೋಲಿನಿಂದ ಗೆದ್ದರು. ಎಲ್ಲರೂ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಎಲ್ಲರಿಗಿಂತ ಜೋರಾಗಿ ಕುಣಿದವನು ಗೋಂದು.

ಅವಳು ಚೀಲದಿಂದ ಟೇಪಿನ ಸುರುಳಿ ತೆಗೆದು ಮೇಜಿನ ಮೇಲಿಟ್ಟು ಬಲಗೈ ಚಾಚಿದಳು.

"ಕಟ್ಟಿ. ಅವತ್ತು ಹೇಗೆ ಕಟ್ಟಿದ್ರೋ ಹಾಗೇ."

"ಬೇಡಮ್ಮಾ..."

"ಕಟ್ಟಿ ಮಾಮ."

ಅವರು ಕಟ್ಟಿದರು. ಕೈ ಮರೆತಿರಲಿಲ್ಲ. ಕೆಳಗೆ ಮೂರು, ಮೇಲೆ ಮೂರು, ಅದರ ಮೇಲೆ ಇನ್ನೆರಡು. ಅವಳು ಗೋಡೆಯ ಗಡಿಯಾರ ನೋಡುತ್ತ ಕೂತಳು. ಹೊಸ ಹಲಗೆಗೆ ಗೆರೆ ಎಳೆಯುತ್ತಿದ್ದ ಪೇಂಟರು ಒಮ್ಮೆ ತಿರುಗಿ ನೋಡಿ, ಇದು ತನ್ನ ತಮಾಷೆಗೆ ಜಾಗವಲ್ಲ ಎಂದು ತಿಳಿದು ತನ್ನ ಕೆಲಸಕ್ಕೆ ಮರಳಿದ. ಬೆರಳ ತುದಿ ಮೊದಲು ಕೆಂಪಾಯಿತು, ಆಮೇಲೆ ನೇರಳೆ.

"ಎಷ್ಟು ಹೊತ್ತು ಹೀಗಿತ್ತು?"

"ಇಪ್ಪತ್ತು ನಿಮಿಷ."

"ಇದು ಐದೇ ನಿಮಿಷ. ನನಗೀಗಲೇ ತುದಿ ನನ್ನದು ಅನ್ನಿಸ್ತಿಲ್ಲ." ಕತ್ತರಿ ತೆಗೆದು ತಾನೇ ಟೇಪು ಕತ್ತರಿಸಿದಳು. ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದು ಉಜ್ಜಿಕೊಳ್ಳುತ್ತ, "ನನಗೆ ಕಲಿಸುವಾಗ ಅಪ್ಪ ಒಂದು ಮಾತು ಹೇಳೋರು," ಎಂದಳು. "'ಬಿಗಿ ಆದರೆ ತಕ್ಷಣ ಹೇಳು ಅಂತ ಪೇಷಂಟಿಗೆ ಮೊದಲೇ ಹೇಳಿರಬೇಕು ಮಗಳೇ. ನನಗೆ ಒಂದ್ಸಲ ಬಿಗಿಯಾದಾಗ ನಾನೇ ಹೇಳಲಿಲ್ಲ' ಅಂತ. ಯಾಕಪ್ಪಾ ಹೇಳಲಿಲ್ಲ ಅಂತ ಕೇಳಿದೆ."

ಮೇಷ್ಟ್ರು ಕತ್ತರಿಸಿದ ಟೇಪನ್ನು ಮಡಚುತ್ತಿದ್ದರು.

"'ಕಟ್ಟಿದವರ ಮುಖ ನೋಡಿದೆ' ಅಂದ್ರು. ನನಗೇನು ಗೊತ್ತು? ಯಾರೋ ನರ್ಸು ಚೆನ್ನಾಗಿದ್ದಳೇನೋ ಅಂತ ನಾನೂ ಅಮ್ಮನೂ ಸೇರಿ ರೇಗಿಸಿದ್ವಿ."

ಡಿಪೋ ಗೇಟಿನಲ್ಲಿ ಎತ್ತಿದ್ದ ಆ ಗ್ರೀಸಿನ ಕೈ ಮೇಷ್ಟ್ರ ಕಣ್ಣೆದುರಿಗೆ ಬಂತು. ಎಲ್ಲ ಗೊತ್ತಿದ್ದೂ ಬೀಸಿದ ಕೈ. ನಿಂತು ಒಂದು ಮಾತಾಡಿದ್ದರೆ ಸಾಕಿತ್ತು. ಚಹಾ ಕುಡಿಯೋಣ ಬಾ ಎಂದಿದ್ದರೆ ಸಾಕಿತ್ತು. ಗೆದ್ದ ತಂಡಗಳ ಲೆಕ್ಕವೆಲ್ಲ ಬಾಯಿಗೆ ಬರುವ ಈ ಮನುಷ್ಯನಿಗೆ ನಾಲ್ಕು ರಸ್ತೆ ಆಚೆ ಇದ್ದ ಗೆಳೆಯ ಸತ್ತು ನಾಲ್ಕು ತಿಂಗಳಾದದ್ದು ಗೊತ್ತಿರಲಿಲ್ಲ.

"ನನ್ನ ಹೆಸರು ತೆಗೆಸ್ತೀನಿ," ಎಂದರು, ಪಟ್ಟಿಯನ್ನು ಎಳೆದುಕೊಂಡು. "ಅವನದು ಬರೆಸ್ತೀನಿ. ಸಹಿ ನನ್ನದೇ, ಕೇಳೋರು ಯಾರೂ ಇಲ್ಲ."

"ಬೇಡ." ಅವಳು ಪಟ್ಟಿಯ ಮೇಲೆ ಕೈಯಿಟ್ಟಳು. ಬೆರಳಿನ ಮೇಲೆ ಟೇಪಿನ ಗೆರೆ ಇನ್ನೂ ಹಾಗೇ ಇತ್ತು. "ಫೈನಲ್ ಅಪ್ಪ ಆಡಲಿಲ್ಲ, ನೀವು ಆಡಿದ್ರಿ. ಒಂದು ಸುಳ್ಳಿನ ಮೇಲೆ ಇನ್ನೊಂದು ಯಾಕೆ? ನಿಮ್ಮ ಹೆಸರು ಅಲ್ಲೇ ಇರಲಿ. ದಿನಾ ಕಾಣಲಿ. ಪುಸ್ತಕದಲ್ಲಿ ಮಾತ್ರ ಆದದ್ದು ಆದ ಹಾಗೆ ಬರೀರಿ."

ಅವರು 'ಬೆರಳು' ಎಂಬುದನ್ನು ಹೊಡೆದುಹಾಕಿ ಬರೆದರು. ಆರು ಪಂದ್ಯ, ಒಂದೂ ಗೋಲು ಬಿಡದ ಗೋಲ್‌ಕೀಪರ್ ಎಂದು ಅವನ ಪೂರ್ತಿ ಹೆಸರು. ಕೆಳಗೆ, ಫೈನಲ್‌ಗೆ ಮುನ್ನ ಅವನ ಬೆರಳಿಗೆ ಬೇಕೆಂದೇ ಬಿಗಿಯಾಗಿ ಟೇಪು ಕಟ್ಟಿ ಅವನ ಜಾಗ ಪಡೆದವನು ಈ ಪುಸ್ತಕ ಬರೆದವನು, ಎಂದು. ಅವಳು ಎರಡು ಸಲ ಓದಿದಳು. ಟೇಪಿನ ಸುರುಳಿಯನ್ನು ಚೀಲಕ್ಕೆ ಹಾಕಿಕೊಂಡು, "ಹೋಗ್ತೀನಿ" ಎಂದಳು. ಬರ್ತೀನಿ ಎನ್ನಲಿಲ್ಲ.

ಮಧ್ಯಾಹ್ನ ಪೇಂಟರು ಏಣಿ ಹತ್ತಿ ಫುಟ್‌ಬಾಲಿನ ಸಾಲಿಗೆ ಬಂದ. "ಮೇಷ್ಟ್ರೇ, ಏಣಿ ಅಲ್ಲಾಡ್ತಿದೆ, ಸ್ವಲ್ಪ ಹಿಡ್ಕೊಳ್ಳಿ. ಈಗ ಬರೋದು ನಿಮ್ಮ ಹೆಸರೇ ತಾನೆ? ಬೇಕಾದ್ರೆ ನಿಮ್ಮದೊಂದು ಸ್ವಲ್ಪ ದಪ್ಪಕ್ಕೆ ಬರೀತೀನಿ, ಯಾರಿಗೂ ಹೇಳ್ಬೇಡಿ."

"ಎಲ್ಲರದೂ ಹೇಗಿದೆಯೋ ಹಾಗೇ ಇರಲಿ."

ಮೇಷ್ಟ್ರು ಎರಡೂ ಕೈಯಲ್ಲಿ ಏಣಿ ಹಿಡಿದು ತಲೆಯೆತ್ತಿ ನಿಂತರು. ಕುಂಚ ಅವರ ಹೆಸರಿನ ಮೊದಲ ಅಕ್ಷರವನ್ನು ಸುತ್ತಿ ಬಂತು, ಆಮೇಲೆ ಎರಡನೆಯದನ್ನು.

"ಇದು ಒಳ್ಳೇ ಬಣ್ಣ ಮೇಷ್ಟ್ರೇ," ಎಂದ ಪೇಂಟರು ಮೇಲಿನಿಂದ. "ನಲವತ್ತು ವರ್ಷ ಅಲ್ಲಾಡಲ್ಲ ನೋಡಿ."