ಮೂಲಕ

“ಸಂಜೆ ಕಾಲೇಜಿಗೆ ಹೋದ್ರೆ ಕೈ ವಾಸನೆ ಹೋಗುತ್ತೇನೇ?” ಹೆಡ್ ಗುಮಾಸ್ತರು ಕೇಳಿದರು. ನಾನು ಟಪಾಲಿನ ಲಕೋಟೆಗಳಿಗೆ ಮೊಹರು ಒತ್ತುತ್ತಿದ್ದೆ. “ನೀನು ಕೇಳ್ತಿರೋ ಗುಮಾಸ್ತರ ಕುರ್ಚಿ ಜನ ಬಂದು ನಿಂತ್ಕೊಳ್ಳೋ ಕೌಂಟರಿಂದು. ಕಕ್ಕಸು ತೊಳೆದ ಕೈಲಿ ನಿಮ್ಮವ್ವ ನಿನಗೆ ತುತ್ತಿಟ್ಟಿದ್ದು ಊರಿಗೆಲ್ಲ ಗೊತ್ತು. ನಿನ್ನ ಕೈಯಿಂದ ಕಾಗದ ಇಸ್ಕೋತಾರಾ ಯಾರಾದ್ರೂ?”

ಪಕ್ಕದ ಮೇಜಿನವರು ನಕ್ಕರು. ಒಬ್ಬರು ಮೂಗು ಮುಚ್ಚಿಕೊಂಡೇ ನಕ್ಕರು. ಹನ್ನೊಂದು ವರ್ಷದಿಂದ ಅವರಿಗೆ ಬರುವ ಪ್ರತಿಯೊಂದು ಕಾಗದವೂ ನನ್ನ ಕೈ ದಾಟಿಯೇ ಬರುತ್ತಿತ್ತು. ಒತ್ತಿದ ಮೊಹರು ಸೊಟ್ಟಗಾಗಿತ್ತು. ಅದನ್ನೇ ನೋಡುತ್ತ ನಿಂತೆ.

ಇಲಾಖಾ ಪರೀಕ್ಷೆಗೆ ಬೇರೆ ಬೇರೆ ಕಚೇರಿಗಳ ನಾವು ನಾಲ್ಕು ಜನ ಅಟೆಂಡರುಗಳು ಕೂತಿದ್ದೆವು. ಮೊದಲು ಬಂದವಳು ನಾನು, ಗುಮಾಸ್ತರ ಕುರ್ಚಿ ಸಿಕ್ಕಿದ್ದು ಮೂರನೆಯವನಿಗೆ. “ಸಾರ್ವಜನಿಕರೊಡನೆ ಬೆರೆಯುವ ಹುದ್ದೆಗೆ ಹೊಂದುವುದಿಲ್ಲ” ಎಂದು ನನ್ನ ಹೆಸರಿನ ಮುಂದೆ ಕಚೇರಿಯ ಮುಖ್ಯಸ್ಥರಾದ ಸಾಹೇಬರು ಬರೆದಿದ್ದರು. ತಪ್ಪು ನನ್ನದೇ ಇರಬಹುದೆಂದು ಉತ್ತರಪತ್ರಿಕೆಯ ನಕಲು ತರಿಸಿ ಮೂರು ಸಲ ಓದಿದೆ. ಒಂದು ಕಾಗುಣಿತ ತಪ್ಪಿತ್ತು, ಅಷ್ಟೇ. ಆಮೇಲೆ ಕೇಂದ್ರ ಕಚೇರಿಯ ತಾರತಮ್ಯ ದೂರು ಘಟಕಕ್ಕೆ ಬರೆದೆ. ಪರೀಕ್ಷೆಯ ಪಟ್ಟಿಗೆ ಒಂದು ವರ್ಷ ಆಯುಸ್ಸು. ಅದು ಮುಗಿದರೆ ಮುಂದಿನ ಪರೀಕ್ಷೆಗೆ ನನ್ನ ವಯಸ್ಸು ಮೀರುತ್ತದೆ.

ಘಟಕದ ತೀರ್ಪು ಬಂದದ್ದು ನಾಲ್ಕನೇ ತಾರೀಕು, ಸೋಮವಾರ. ಬಂದದ್ದು ನನ್ನ ಕೈಗೇ.

ರಿಜಿಸ್ಟರ್ಡ್ ಲಕೋಟೆ. ಮೇಲೆ ನನ್ನ ಹೆಸರು. ಹೆಸರಿನ ಕೆಳಗೆ “ಮೂಲಕ: ಕಚೇರಿಯ ಮುಖ್ಯಸ್ಥರು”. ಕಚೇರಿಗೆ ಬಂದ ಎಲ್ಲ ಟಪಾಲಿಗೂ ಹಾಕುವಂತೆ, ಬೆನ್ನಿಗಂಟಿದ ಹಳದಿ ಸ್ವೀಕೃತಿ ಕಾರ್ಡಿನ ಮೇಲೆ ಗುಂಡಗೆ ಸಹಿ ಹಾಕಿ, ತಾರೀಕು ಬರೆದು ಅಂಚೆಯವರಿಗೆ ಕೊಟ್ಟೆ. ಲಕೋಟೆ ಒಡೆಯಲಿಲ್ಲ. ಮೂಲಕ ಎಂದಿದ್ದರೆ ಯಾರ ಮೂಲಕವೋ ಅವರೇ ಒಡೆಯಬೇಕು, ಅದು ನಿಯಮ. ರಿಜಿಸ್ಟರಿನಲ್ಲಿ ಏರಿಸಿ ಸಾಹೇಬರ ಟ್ರೇಯಲ್ಲಿಟ್ಟೆ.

ಅವರು ಕರೆಯಲಿಲ್ಲ. ವಾರ ಬಿಟ್ಟು ಕೇಳಿದೆ. “ಕೊಡ್ತೀನಿ, ಏನು ಹೆರಿಗೆ ನೋವಾ ನಿನಗೆ?” ಎಂದರು. ಇನ್ನೊಂದು ವಾರಕ್ಕೆ ಕೇಳಿದಾಗ ತಲೆಯನ್ನೇ ಎತ್ತಲಿಲ್ಲ. ಮೂರನೆಯ ಸಲ ಕೇಳಿದರೆ ಸಿಟ್ಟಾಗಿ ಪೂರ್ತಿ ಕೆಡಿಸಿಬಿಟ್ಟಾರೆಂದು ಹೆದರಿದೆ. ಮುಂದಿನ ತಿಂಗಳ ಆರನೇ ತಾರೀಕು ಒಡೆದ ಲಕೋಟೆಯನ್ನು ಮೇಜಿನ ಮೇಲಿಂದ ನನ್ನತ್ತ ತಳ್ಳಿದರು.

“ಸೋತಿದ್ದೀಯ. ಇನ್ನು ಬಾಯಿ ಮುಚ್ಕೊಂಡು ಮೊಹರು ಒತ್ಕೊಂಡಿರು.”

ತಾರತಮ್ಯ ಕಂಡುಬಂದಿಲ್ಲ ಎಂದಿತ್ತು. ಕೊನೆಯ ಸಾಲಿನಲ್ಲಿ, ತೀರ್ಪು ತಲುಪಿದ ಮೂವತ್ತು ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು ಎಂದಿತ್ತು. ತಲುಪಿದ್ದು ಇವತ್ತು, ಇನ್ನೂ ಮೂವತ್ತು ದಿನವಿದೆ ಎಂದುಕೊಂಡೆ. ಒಂಬತ್ತು ದಿನ ಕೂತು ಬರೆದೆ, ಎರಡು ಸಲ ಹರಿದು ಹಾಕಿ ಮತ್ತೆ ಬರೆದೆ. ಹದಿನೈದಕ್ಕೆ ರಜೆ ಹಾಕಿ ನಾನೇ ಹೋಗಿ ಮೇಲ್ಮನವಿಯ ಕಿಟಕಿಯಲ್ಲಿ ಕೊಟ್ಟೆ.

ಕಿಟಕಿಯೊಳಗಿದ್ದ ಹೆಂಗಸು ಕಡತದಿಂದ ಹಳದಿ ಕಾರ್ಡೊಂದನ್ನು ತೆಗೆದು ಗಾಜಿಗೆ ಒತ್ತಿ ಹಿಡಿದಳು.

“ಈ ಸಹಿ ಯಾರದಮ್ಮಾ?”

“ನಂದೇ.”

“ತಾರೀಕು?”

“ಹೋದ ತಿಂಗಳು ನಾಲ್ಕು. ಆದ್ರೆ ಮೇಡಂ, ಅದು ಆಫೀಸಿನ ಪರವಾಗಿ ಹಾಕಿದ್ದು. ನಾನು ಟಪಾಲಿನೋಳು. ನನಗೆ ಅಂತ ನಾನು ಇಸ್ಕೊಂಡಿಲ್ಲ. ನನಗೆ ಕೊಟ್ಟಿದ್ದು ಈ ತಿಂಗಳ ಆರಕ್ಕೆ.”

“ಒಂದೇ ಮೈಯಲ್ಲಿ ಇಬ್ರು ಇದ್ದೀರಾ?” ಅವಳು ಬೈಯುತ್ತಿರಲಿಲ್ಲ, ದಣಿದಿದ್ದಳು. “ನಿಮ್ಮ ಲೆಟರು, ನಿಮ್ಮ ಸಹಿ. ಹನ್ನೊಂದು ದಿನ ತಡ. ಒಳಗೆ ಏನು ಬರೆದಿದ್ದೀರಿ ಅಂತ ಇನ್ನು ಯಾರೂ ಓದೋ ಹಾಗಿಲ್ಲ.”

ಹಿಂದೆ ನಿಂತಿದ್ದವರು “ಬೇಗ ಮುಗಿಸಮ್ಮ” ಎಂದರು. ನಾನು ಕದಲಲಿಲ್ಲ. ಅವಳು ದನಿ ತಗ್ಗಿಸಿದಳು.

“ತಡಕ್ಕೆ ಮಾಫಿ ಕೇಳಿ ಅರ್ಜಿ ಹಾಕಿ. ಇಂಥ ದಿನವೇ ಕೈಗೆ ಕೊಟ್ಟೆ ಅಂತ ನಿಮ್ಮ ಸಾಹೇಬರು ಒಂದು ಸಾಲು ಬರೀಬೇಕು. ಹತ್ತು ದಿನದೊಳಗೆ. ಅವರ ಮೂಲಕವೇ ಬರಬೇಕು.”

ಮನೆಯಲ್ಲಿ ಅವ್ವ ಬಾಗಿಲಲ್ಲೇ ಕೂತಿದ್ದಳು. ಆ ಕಚೇರಿಯ ಕಕ್ಕಸುಗಳನ್ನು ಮೂವತ್ತು ವರ್ಷ ತೊಳೆದು ಸೊಂಟ ಬಿದ್ದುಹೋದವಳು. ಎಲ್ಲವನ್ನೂ ಕೇಳಿ, ತನ್ನ ಹೆಬ್ಬೆರಳನ್ನು ಎತ್ತಿ ಹಿಡಿದಳು.

“ನಂದಾಗಿದ್ರೆ ಬರೀ ಮಸಿ. ಇವಳದೋ ಇವಳ ಅಜ್ಜಿದೋ ಅಂತ ಅವರೇ ತಲೆ ಚಚ್ಕೋತಿದ್ರು. ಅಷ್ಟು ಗುಂಡಗೆ ಬರಿ ಅಂತ ಯಾರು ಹೇಳಿದ್ರೇ ನಿಂಗೆ?”

“ನೀನೇ ಕಣವ್ವ. ಓದು, ಓದು ಅಂತ ಬಡಿದವಳು ನೀನೇ.”

“ಹ್ಞೂಂ, ನಂದೇ ತಪ್ಪು.” ನಗಲು ಹೋಗಿ ಕೆಮ್ಮಿದಳು. “ಈಗ ಕುರಿ ಹೇಗೆ ಸತ್ತಿತು ಅಂತ ತೋಳನ ಹತ್ರ ಬರೆಸ್ಕೊಂಡು ಬರಬೇಕಾ? ಬರೀತಾನಾ ಆ ಬೇವರ್ಸಿ?”

“ಬರಿಯಲ್ಲ.”

“ಮತ್ತೆ ಯಾಕೆ ಹೋಗ್ತೀಯ?”

ಅರ್ಜಿ ಬರೆಯಲು ಕೂತೆ. “ಸಾಹೇಬರು ತಡ ಮಾಡಿದರು” ಎಂದು ಬರೆದು ಹೊಡೆದುಹಾಕಿದೆ. “ತಡವಾಯಿತು” ಎಂದು ಬರೆದೆ. ಅದನ್ನೂ ಹೊಡೆದುಹಾಕಿ, ಮತ್ತೆ ಮೊದಲಿನಂತೆಯೇ ಬರೆದೆ.

ಮರುದಿನ ಹನ್ನೊಂದು ಗಂಟೆಗೆ ಅರ್ಜಿಯನ್ನೂ ಟಪಾಲು ಪುಸ್ತಕವನ್ನೂ ಹಿಡಿದು ಸಾಹೇಬರ ಕೋಣೆಗೆ ಹೋದೆ. ಅವರು ಓದಿದರು. ಮೊದಲು ಕಿವಿ ಕೆಂಪಾಯಿತು.

“ನನ್ನ ಮೇಲೆ ಚಾಡಿ, ಅದಕ್ಕೆ ನನ್ನದೇ ಸಹಿ? ಎಷ್ಟು ಪೊಗರೇ ನಿನಗೆ?”

“ನಿಮ್ಮ ಮೂಲಕವೇ ಬರಬೇಕಂತೆ ಸಾರ್.”

“ಇಟ್ಟು ಹೋಗು. ನೋಡ್ತೀನಿ.”

“ಇಪ್ಪತ್ತೈದಕ್ಕೆ ಕೊನೆ ಸಾರ್.”

“ನೋಡ್ತೀನಿ ಅಂದೆನಲ್ಲ!”

ಅರ್ಜಿಯನ್ನು ಡ್ರಾಯರಿಗೆ ಎಸೆದು ತಳ್ಳಿದರು. ಡ್ರಾಯರು ಮುಚ್ಚಿಕೊಂಡಿತು. ನಾನು ಪುಸ್ತಕ ಬಿಚ್ಚಿ, ಇವತ್ತಿನ ಸಾಲಿನ ಮೇಲೆ ಬೆರಳಿಟ್ಟು, ಅವರ ಮುಂದಿಟ್ಟೆ.

“ಇಸ್ಕೊಂಡಿದ್ದಕ್ಕೆ ಸಹಿ ಹಾಕಿ ಸಾರ್. ತಾರೀಕು ಬರೀರಿ.”

ಕಾಗದ ಇಸ್ಕೊಂಡದ್ದಕ್ಕೆ ಸಾಹೇಬರ ಹತ್ತಿರ ಯಾರೂ ಯಾವತ್ತೂ ಸಹಿ ಕೇಳಿದ್ದಿಲ್ಲ. ಕಾಗದ ಇಟ್ಟು, ಹಿಂದೆ ಹಿಂದೆ ನಡೆದು ಹೊರಬರುವುದೇ ಅಲ್ಲಿನ ರೂಢಿ. ಅವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಎದ್ದು ನಿಂತರು.

“ಲೇ ಮುಂಡೆ, ಕಕ್ಕಸಿನ ಹುಳ, ನನ್ನ ಹತ್ರ ಸಹಿ ಕೇಳ್ತೀಯಾ? ಕೆಲಸದಿಂದ ಕಿತ್ತು ಹಾಕ್ತೀನಿ. ಹೊರಗೆ ಹೋಗು!”

ಕಿತ್ತು ಹಾಕುತ್ತಾರೆಂದು ನನಗೂ ಗೊತ್ತಿತ್ತು. ಬಾಗಿಲಲ್ಲಿ ಹೆಡ್ ಗುಮಾಸ್ತರ ಮುಖ, ಅದರ ಹಿಂದೆ ಇನ್ನೂ ನಾಲ್ಕು ಮುಖಗಳು. ಯಾರೂ ಒಳಗೆ ಕಾಲಿಡಲಿಲ್ಲ.

“ಸಹಿ ಹಾಕಿ ಸಾರ್.”

ಅವರು ಮೇಜಿನ ಅಂಚಿನ ಗುಂಡಿ ಒತ್ತಿದರು. ಹೊರಗೆ ನನ್ನ ಸ್ಟೂಲಿನ ಮೇಲ್ಗಡೆ ಗೋಡೆಯಲ್ಲಿದ್ದ ಗಂಟೆ ಕಿರ್ರೆಂದಿತು. ಮತ್ತೆ ಒತ್ತಿದರು, ಒತ್ತಿಯೇ ಹಿಡಿದರು. ಆ ಗಂಟೆಗೆ ಓಡಿ ಬರಬೇಕಾದವಳು ಈ ಕಚೇರಿಯಲ್ಲಿ ನಾನೊಬ್ಬಳೇ.

“ಬಂದಿದ್ದೀನಿ ಸಾರ್,” ಎಂದು ಪೆನ್ನಿನ ಮುಚ್ಚಳ ತೆಗೆದು, ಅವರ ಮುಂದೆ ಹಿಡಿದೆ.

ಗಂಟೆ ನಿಲ್ಲಲಿಲ್ಲ.